ಸಹಾಯ ಬೇಕು: ಡಿಪಿಡಿಕೆ ವರ್ಚಿಯೋ-ಯೂಸರ್‌ದಾಗ ಹ್ಯೂಜ್‌ಪೇಜ್ ತಕರಾರು

ನಮಸ್ಕಾರ್ರಿ, ಪುಣೆದಾಗ ಹಿಂಜವಡಿ ಕಡೆ ಡಿಪಿಡಿಕೆ (ಕರ್ನಲ್ ಬಿಟ್ಟು ಪ್ಯಾಕೆಟ್ ನೇರ ನೋಡ್ಕೊಳ್ಳೋ ಲೈಬ್ರರಿ) ಮ್ಯಾಲೆ ಕೆಲಸ ಮಾಡೋರು ಯಾರರ ಇದ್ರ ಸ್ವಲ್ಪ ಹೇಳ್ರಿ. ನಮ್ಮ ಗೇಟ್‌ವೇ ಅಪ್ಲಿಕೇಶನ್ ಡೇಟಾ ಪ್ಯಾಕೆಟ್ ಎಲ್ಲಾ ತಾನ ನೋಡ್ಕೋತದ, ಆದ್ರ ಎಆರ್‌ಪಿ (ವಿಳಾಸ ಹುಡುಕೋದು), ಎಸ್‌ಎಸ್‌ಎಚ್ (ರಿಮೋಟ್ ಲಾಗಿನ್), ಬಿಜಿಪಿ (ರೂಟಿಂಗ್) ಇವುಗಳ ಪ್ಯಾಕೆಟ್ ಎಲ್ಲ ಲಿನಕ್ಸ್ ಕರ್ನಲ್‌ಗೆ ಹೋಗ್ಬೇಕು, ಅದಕ್ಕ ಮೊದ್ಲು ಕೆಎನ್‌ಐ ಅನ್ನೋ ಡಿಪಿಡಿಕೆ ಭಾಗ ಇತ್ತು, 23.11 ಆವೃತ್ತಿಯಾಗ ಅದನ್ನ ತೆಗದೇ ಬಿಟ್ರು. ಈಗ ವರ್ಚಿಯೋ-ಯೂಸರ್ ಅನ್ನೋ ಡಿಪಿಡಿಕೆ ಡ್ರೈವರ್ ಹಾಕಿ ವಿಹೋಸ್ಟ್-ನೆಟ್ (ಕರ್ನಲ್ ಮಾಡ್ಯೂಲ್) ಮೂಲಕ ಟ್ಯಾಪ್ (ಕರ್ನಲ್‌ನ ವರ್ಚುವಲ್ ನೆಟ್‌ವರ್ಕ್) ಇಂಟರ್ಫೇಸ್ ಮಾಡೀನಿ, ಐಪಿ ಕೊಟ್ಟು ಅಪ್ ಮಾಡಿದ್ರ ಪಿಂಗ್ ಹೋಗ್ತದ, ಆದ್ರ 2 ಎಂಬಿ ಹ್ಯೂಜ್‌ಪೇಜ್ (ದೊಡ್ಡ ಅಳತೆ ಮೆಮೊರಿ ಪೇಜ್) ಜಾಸ್ತಿ ಕೊಟ್ಟ ಕೂಡ್ಲೆ ಸ್ಟಾರ್ಟೇ ಆಗವಲ್ದು. ವಿಹೋಸ್ಟ್‌ಗೆ ಡಿಫಾಲ್ಟ್ 64 ಮೆಮೊರಿ ರೀಜನ್ ಅಷ್ಟ, ಪೇಜ್ ಜಾಸ್ತಿ ಆದ್ರ ಅದು ಮೀರತದ, ಅದಕ್ಕ ಇರಬೇಕು ಅನಸ್ತದ. 1 ಜಿಬಿ ಪೇಜ್‌ಗೆ ಹೋಗೋದು ಛಲೋನೋ, ಪೇಜ್‌ಗಳನ್ನ ಕಡಿಮೆ ಫೈಲ್‌ದಾಗ ಕೂಡಸೋ ಸಿಂಗಲ್-ಫೈಲ್-ಸೆಗ್ಮೆಂಟ್ಸ್ ಆಪ್ಷನ್ ಸಾಕೋ? ಬರೇ ಟ್ಯಾಪ್ ಡ್ರೈವರ್ ಹಾಕು ಅನ್ನಬ್ಯಾಡ್ರಿ ಮತ್ತ, ಅದ್ರಾಗ ಪ್ಯಾಕೆಟ್‌ಗೊಂದು ಸಿಸ್ಟಮ್ ಕಾಲ್, ಲೋಡ್ ಬಂದ್ರ ಒದ್ದಾಡ್ತದ. ಪ್ರೊಡಕ್ಷನ್‌ದಾಗ ಓಡಿಸಿದವ್ರು ಇದ್ರ ಕಮೆಂಟ್ ಹಾಕ್ರಿ, ಲಾಗ್ ಕಳಸ್ತೀನಿ.