ಹಳೇ ಬಾಕ್ಸ್‌ಟರ್: ಏರ್‌ಬ್ಯಾಗ್ ಲೈಟ್ ಆರ್ತಾನೇ ಇಲ್ಲ, ಎಂಓಟಿ ಹತ್ರ ಬಂತು

ರೆಡಿಂಗ್_ರೋಡ್‌ಸ್ಟರ್:
ಎಲ್ರಿಗೂ ನಮಸ್ಕಾರ. ನನ್ ಹತ್ರ 2001ರ ಪೋರ್ಷೆ ಬಾಕ್ಸ್‌ಟರ್ ಇದೆ, ರೂಫ್ ಮಡಚೋ ಎರಡು ಸೀಟಿನ ಗಾಡಿ, 986 (ಈ ಮಾಡೆಲಿನ ಕೋಡ್), 2.7 ಲೀಟರ್ ಎಂಜಿನ್, ಇಲ್ಲಿ ಇಂಗ್ಲೆಂಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ಲೈಟ್ ಹತ್ಕೊಂಡಿದೆ, ಇಗ್ನಿಷನ್ ಆನ್ ಮಾಡಿದಾಗ ಎಲ್ಲಾ ಲೈಟೂ ಬಂದು ಹೋಗತ್ತಲ್ಲ, ಇದೊಂದು ಮಾತ್ರ ಹೋಗಲ್ಲ. ಚಳಿಗಾಲ ಪೂರ್ತಿ ಗಾಡಿ ಮನೆ ಮುಂದೇನೇ ನಿಂತಿತ್ತು, ಬ್ಯಾಟರಿ ಇಳಿದು ಜಂಪ್ ಕೊಟ್ಟು ಸ್ಟಾರ್ಟ್ ಮಾಡ್ಬೇಕಾಯ್ತು, ಅದಾದ್ಮೇಲೆ ಸೀಟು ಹಿಂದೆ ಮುಂದೆ ತಳ್ಳಿ ಒಳಗೆಲ್ಲ ವ್ಯಾಕ್ಯೂಮ್ ಹೊಡೆದೆ, ಇವೆರಡರಲ್ಲಿ ಯಾವುದರಿಂದ ಬಂತು ಅಂತ ತಿಳೀತಾ ಇಲ್ಲ. ಬ್ಲೂಟೂತ್ ಓಬಿಡಿ ರೀಡರ್ (ಗಾಡಿಯ ಫಾಲ್ಟ್ ಕೋಡ್ ಓದೋ ಸಾಧನ) ಹಾಕಿ ನೋಡಿದ್ರೆ ಏನೂ ಫಾಲ್ಟ್ ಇಲ್ಲ ಅನ್ನತ್ತೆ. ಹತ್ತಿರದ ಒಂದು ಗ್ಯಾರೇಜಿಗೆ ತಗೊಂಡೋದ್ರೆ ಅವ್ರು ಕೋಡ್ ಕೂಡ ಓದದೇ ಏರ್‌ಬ್ಯಾಗ್ ಮಾಡ್ಯೂಲೇ (ಏರ್‌ಬ್ಯಾಗ್ ನಿಯಂತ್ರಿಸೋ ಕಂಪ್ಯೂಟರ್) ಚೇಂಜ್ ಮಾಡ್ಬೇಕು ಅಂದ್ರು, ರೇಟ್ ಕೇಳಿ ವಾಪಸ್ ಬಂದೆ. ಮುಂದಿನ ತಿಂಗಳು ಎಂಓಟಿ (ಇಲ್ಲಿ ಪ್ರತಿ ವರ್ಷ ಆಗ್ಬೇಕಾದ ಗಾಡಿ ತಪಾಸಣೆ) ಇದೆ. ಈ ಗಾಡಿ ಬಗ್ಗೆ ಗೊತ್ತಿರೋರು ಎಲ್ಲಿಂದ ಶುರು ಮಾಡ್ಬೇಕು ಹೇಳಿ ಪ್ಲೀಸ್.

ಮಿಲ್ಟನ್‌ಕೀನ್ಸ್_ಮೈಸೂರು:
ಮಾಡ್ಯೂಲ್ ತಂಟೆಗೆ ಈಗ್ಲೇ ಹೋಗ್ಬೇಡಿ ಸರ್. 986ನಲ್ಲಿ ಈ ಲೈಟ್ ಬಂದ್ರೆ ಮೊದಲು ಅನುಮಾನ ಪಡ್ಬೇಕಾಗಿರೋದು ಸೀಟ್ ಬೆಲ್ಟ್ ಬಕಲ್, ಅಂದ್ರೆ ನಾವು ಬೆಲ್ಟ್ ಕ್ಲಿಕ್ ಅಂತ ಸಿಕ್ಕಿಸ್ತೀವಲ್ಲ ಆ ತುದಿ. ಅದರೊಳಗೆ ಒಂದು ಪುಟ್ಟ ಸ್ವಿಚ್ ಇದೆ, ಬೆಲ್ಟ್ ಹಾಕಿದಾರೋ ಇಲ್ವೋ ಅನ್ನೋದನ್ನ ಅದೇ ಮಾಡ್ಯೂಲಿಗೆ ಹೇಳೋದು. ಇಪ್ಪತ್ತು ವರ್ಷದ ಧೂಳು, ಬಿಸ್ಕೆಟ್ ಪುಡಿ, ಚೆಲ್ಲಿದ ಕಾಫಿ ಎಲ್ಲಾ ಒಳಗೆ ಸೇರ್ಕೊಂಡು ಆ ಸ್ವಿಚ್ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನೋ ಥರ ಸಿಗ್ನಲ್ ಕೊಡತ್ತೆ, ಮಾಡ್ಯೂಲ್ ಅದನ್ನ ಫಾಲ್ಟ್ ಅಂತ ಬರ್ಕೊಳತ್ತೆ.

ಎರಡನೇದು ಸೀಟ್ ಕೆಳಗಿರೋ ಕನೆಕ್ಟರ್. ನೀವು ಸೀಟ್ ತಳ್ಳಿ ಕ್ಲೀನ್ ಮಾಡಿದೆ ಅಂದ್ರಲ್ಲ, ವೈರ್ ಎಳೆದಾಡಿ ಕಾಂಟ್ಯಾಕ್ಟ್ ಒಂದು ಕ್ಷಣ ತಪ್ಪಿದ್ರೂ ಸಾಕು. ಮೂರನೇದು ನೀವೇ ಹೇಳಿದ ಬ್ಯಾಟರಿ, ವೋಲ್ಟೇಜ್ ತೀರಾ ಇಳಿದ್ರೆ ಅದಕ್ಕೂ ಫಾಲ್ಟ್ ಕೂತ್ಕೊಳತ್ತೆ. ಗಾಡಿ ಆಫ್ ಮಾಡಿ ರಾತ್ರಿ ಬಿಟ್ಟು ಬೆಳಿಗ್ಗೆ ಮೀಟರ್ ಹಿಡೀರಿ, 12.6 ಸುತ್ತಮುತ್ತ ಇರ್ಬೇಕು, 12.2ಗಿಂತ ಕೆಳಗಿದ್ರೆ ಮೊದ್ಲು ಬ್ಯಾಟರಿ ವಿಚಾರ ಮುಗಿಸಿ.

ಇನ್ನೊಂದು ಮುಖ್ಯವಾದ್ದು, ಈ ಗಾಡೀಲಿ ಕಾರಣ ಸರಿಹೋದ್ರೂ ಲೈಟ್ ತಾನಾಗೇ ಆರಲ್ಲ, ಕ್ಲಿಯರ್ ಮಾಡ್ಲೇಬೇಕು. ನಿಮ್ಮ ಬ್ಲೂಟೂತ್ ರೀಡರ್ ಎಂಜಿನ್ ಜೊತೆ ಮಾತ್ರ ಮಾತಾಡತ್ತೆ, ಏರ್‌ಬ್ಯಾಗ್ ಮಾಡ್ಯೂಲ್ ಅದಕ್ಕೆ ಕಾಣೋದೇ ಇಲ್ಲ, ಹಾಗಾಗಿ ಫಾಲ್ಟ್ ಇಲ್ಲ ಅಂತ ಅದು ಹೇಳಿದ್ದಕ್ಕೆ ಬೆಲೆ ಇಲ್ಲ. ಡ್ಯುರಾಮೆಟ್ರಿಕ್ ಇಲ್ಲಾ ಐಕಾರ್‌ಸಾಫ್ಟ್‌ನ ಪೋರ್ಷೆ ವರ್ಷನ್, ಅಂದ್ರೆ ಏರ್‌ಬ್ಯಾಗ್ ಕೋಡೂ ಓದೋ ಸ್ಕ್ಯಾನರ್, ಇರೋರ ಹತ್ರ ಹೋಗಿ, ಮೊದಲು ಕೋಡ್ ಓದ್ಸಿ, ಬರೆದಿಟ್ಕೊಳ್ಳಿ, ಆಮೇಲೆ ಕ್ಲಿಯರ್ ಮಾಡ್ಸಿ. ಬರೆದಿಟ್ಕೊಳ್ಳದೇ ಕ್ಲಿಯರ್ ಮಾಡಿದ್ರೆ ಇದ್ದ ಒಂದು ಸುಳಿವೂ ಹೋಯ್ತು.

ಪೆಟ್ರೋಲ್_ಪ್ರಿಯ:
ಗುರು ಅಷ್ಟೆಲ್ಲಾ ಯಾಕೆ, ಬಕಲ್ ಅಂತ ಗೊತ್ತಾದ್ರೆ ಆನ್‌ಲೈನಲ್ಲಿ ರೆಸಿಸ್ಟರ್ (ಕರೆಂಟ್ ತಡೆಯೋ ಪುಟ್ಟ ಬಿಡಿಭಾಗ) ಸಿಗತ್ತೆ, ಕನೆಕ್ಟರಿಗೆ ಸಿಕ್ಕಿಸಿದ್ರೆ ಮಾಡ್ಯೂಲ್ ಎಲ್ಲಾ ಸರಿ ಇದೆ ಅನ್ಕೊಳತ್ತೆ, ಎಂಓಟಿ ಪಾಸ್. ನನ್ ಫ್ರೆಂಡ್ ಬೇರೆ ಗಾಡೀಲಿ ಹಂಗೇ ಮಾಡ್ಕೊಂಡು ಓಡಿಸ್ತಾ ಇದಾನೆ.

ಆಟೋ_ಎಲೆಕ್ಟ್ರಿಕ್ಸ್:
ರೆಸಿಸ್ಟರ್ ಮಾತ್ರ ಬೇಡ, ಕೈಮುಗಿದು ಹೇಳ್ತೀನಿ. ಇದೇ ಕೆಲಸ ಮಾಡೋನು ನಾನು. ರೆಸಿಸ್ಟರ್ ಹಾಕಿದ್ರೆ ಲೈಟ್ ಆರತ್ತೆ ನಿಜ, ಆದ್ರೆ ಆಕ್ಸಿಡೆಂಟ್ ಆದಾಗ ಆ ಸರ್ಕ್ಯೂಟಲ್ಲಿ ಇರೋದು ಬರೀ ರೆಸಿಸ್ಟರ್, ಬೆಲ್ಟ್ ಹಾಕಿದಾರೋ ಇಲ್ವೋ ಅನ್ನೋದು ಮಾಡ್ಯೂಲಿಗೆ ನಿಜವಾಗಿ ತಿಳಿಯಲ್ಲ, ಪಕ್ಕದಲ್ಲಿ ಕೂತೋರಿಗೆ ಅದು ಗೊತ್ತೂ ಇರಲ್ಲ. ನಾಳೆ ನೀವು ಗಾಡಿ ಮಾರಿದ್ರೆ ಕೊಂಡೋರಿಗೂ ಗೊತ್ತಾಗಲ್ಲ. ಲೈಟ್ ಉರೀತಿದ್ರೆ ಅಟ್‌ಲೀಸ್ಟ್ ಜನಕ್ಕೆ ಗೊತ್ತಿರತ್ತೆ. ಎಂಓಟಿನಲ್ಲಿ ಈ ಲೈಟ್ ಹತ್ಕೊಂಡಿದ್ರೆ ಮೇಜರ್ ಡಿಫೆಕ್ಟ್ ಅಂತ ಫೇಲ್ ಮಾಡೋದೂ ಇದಕ್ಕೇ.

ರೆಡಿಂಗ್ ಅವ್ರೇ, ನೀವೇ ಕೈ ಹಾಕೋ ಹಾಗಿದ್ರೆ ಇದನ್ನ ಗಮನ ಇಟ್ಟು ಓದಿ. ಇಗ್ನಿಷನ್ ಆಫ್, ಕೀ ಹೊರಗೆ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಆಮೇಲೆ ಆರಾಮಾಗಿ ಒಂದು ಟೀ ಕುಡ್ಕೊಂಡು ಬನ್ನಿ, ಯಾಕಂದ್ರೆ ಮಾಡ್ಯೂಲ್ ಒಳಗೆ ಕೆಪಾಸಿಟರ್ ಇದೆ, ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಇರತ್ತೆ, ಆಕ್ಸಿಡೆಂಟಲ್ಲಿ ಬ್ಯಾಟರಿ ಕೇಬಲ್ ತುಂಡಾದ್ರೂ ಏರ್‌ಬ್ಯಾಗ್ ಹಾರ್ಲಿ ಅಂತ ಹಂಗೆ ಇಟ್ಟಿರೋದು. ಬ್ಯಾಟರಿ ತೆಗೆಯೋಕೆ ಮುಂಚೆ ರೇಡಿಯೋ ಕೋಡ್ ಇದ್ಯಾ ನೋಡ್ಕೊಳ್ಳಿ, ಒರಿಜಿನಲ್ ಸೆಟ್ ಆದ್ರೆ ಮತ್ತೆ ಕೇಳತ್ತೆ. ಸೀಟ್ ಬೋಲ್ಟಿಗೆ ಮಾಮೂಲಿ ಸ್ಪ್ಯಾನರ್ ಕೂರಲ್ಲ, ಇ-ಟಾರ್ಕ್ಸ್ ಸಾಕೆಟ್ (ನಕ್ಷತ್ರದ ಆಕಾರದ ಬೋಲ್ಟ್ ತಲೆಗೆ ಕೂರೋದು) ಬೇಕು.

ಏರ್‌ಬ್ಯಾಗಿಗೋ ಬೆಲ್ಟ್ ಟೆನ್ಷನರಿಗೋ (ಆಕ್ಸಿಡೆಂಟಲ್ಲಿ ಬೆಲ್ಟ್ ತಟ್ಟನೆ ಬಿಗಿ ಮಾಡೋ ಭಾಗ) ಹೋಗೋ ವೈರಿಗೆ ಮಲ್ಟಿಮೀಟರ್ ಹಿಡಿದು ಓಮ್ಸ್ ನೋಡೋಕೆ ಹೋಗ್ಬೇಡಿ. ಒಳಗಿರೋ ಸಿಡಿಮದ್ದು ಹೊತ್ತಿಸೋಕೆ ಸಣ್ಣ ಕರೆಂಟ್ ಸಾಕು, ಮೀಟರ್ ಕೊಡೋದೂ ಕರೆಂಟೇ. ಹಳದಿ ಕನೆಕ್ಟರ್ ಕಂಡ್ರೆ ಅದು ಈ ಸಿಸ್ಟಮ್ದು ಅಂತ ಅರ್ಥ, ಬಿಚ್ಚಿದ ತಕ್ಷಣ ಎರಡು ಪಿನ್ ಒಂದಕ್ಕೊಂದು ತಾಗೋ ಹಾಗೆ ಅದರೊಳಗೆ ಪಟ್ಟಿ ಇರತ್ತೆ, ಸುಮ್ಮನೆ ಸ್ಕ್ರೂಡ್ರೈವರ್ ಹಾಕಿ ಕೆದಕಿ ಅದನ್ನ ಬಗ್ಗಿಸ್ಬೇಡಿ. ಸೀಟ್ ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಿದ್ರೆ ಹೊಸ ಫಾಲ್ಟ್ ಸೇರ್ಕೊಳತ್ತೆ, ಗಾಡಿ ಸ್ವಲ್ಪ ಹಿಂದಕ್ಕೆ ತಗೋಬೇಕು ಅಂದ್ರೂ ಆನ್ ಮಾಡ್ಬೇಡಿ.

ಸ್ಟೀರಿಂಗ್ ತಿರುಗಿಸುವಾಗ ಹಾರ್ನ್ ಬಂದು ಬಂದು ಹೋಗ್ತಿದ್ರೆ ಹೇಳಿ, ಆಗ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ತಿರುಗಿದ್ರೂ ಹಾರ್ನಿಗೂ ಏರ್‌ಬ್ಯಾಗಿಗೂ ಸಂಪರ್ಕ ಉಳಿಸೋ ಸುರುಳಿ ವೈರ್) ಅನುಮಾನ ಬರತ್ತೆ. ಹಾರ್ನ್ ಸರಿ ಇದ್ರೆ ಸದ್ಯಕ್ಕೆ ಆ ಕಡೆ ಹೋಗೋದು ಬೇಡ.

ಪೆಟ್ರೋಲ್_ಪ್ರಿಯ:
ಒಪ್ಕೋತೀನಿ ಅಣ್ಣ, ಕೊಂಡೋರ ಕಥೆ ಏನು ಅನ್ನೋದು ನಂಗೆ ಹೊಳೆದೇ ಇರ್ಲಿಲ್ಲ. ಫ್ರೆಂಡಿಗೂ ಹೇಳ್ತೀನಿ.

ರೆಡಿಂಗ್_ರೋಡ್‌ಸ್ಟರ್:
ಎಲ್ರಿಗೂ ಥ್ಯಾಂಕ್ಸ್. ಹಾರ್ನ್ ಸರಿ ಇದೆ. ಇಲ್ಲೇ ಒಬ್ಬ ಪೋರ್ಷೆ ಸ್ಪೆಷಲಿಸ್ಟ್ ಹತ್ರ ಕೋಡ್ ಓದ್ಸಿದೆ, ಎರಡು ಬಂತು, ಒಂದು ಡ್ರೈವರ್ ಕಡೆ ಬೆಲ್ಟ್ ಬಕಲ್, ಇನ್ನೊಂದು ವೋಲ್ಟೇಜ್ ಕಮ್ಮಿ. ಅವ್ರು ಲ್ಯಾಪ್‌ಟಾಪಲ್ಲಿ ತೋರ್ಸಿದ್ರು, ಬೆಲ್ಟ್ ಸಿಕ್ಕಿಸಿದಾಗ ಬಕಲ್ ಸ್ಥಿತಿ ಕೆಲವು ಸಲ ಬದಲಾಗ್ತಾನೇ ಇರ್ಲಿಲ್ಲ. ಬ್ಯಾಟರಿ ಹೊಸದು ಹಾಕ್ಸಿದೆ. ಮನೇಲಿ ನೀವು ಹೇಳಿದ ಹಾಗೇ ಬ್ಯಾಟರಿ ಬಿಚ್ಚಿ, ಕಾದು, ಸೀಟ್ ಎತ್ತಿದ್ರೆ ಕನೆಕ್ಟರಿನ ಒಂದು ಪಿನ್ ಮೇಲೆ ಹಸಿರು ಕಿಲುಬು. ಕೆಳಗಿನ ಕಾರ್ಪೆಟ್ ಒತ್ತಿದ್ರೆ ನೀರು ಜಿನುಗ್ತಾ ಇದೆ! ಮೇಲೆ ಮುಟ್ಟಿದ್ರೆ ಒಣಗೇ ಇತ್ತು. ಎಲ್ಲಿಂದ ಬರ್ತಿದೆ ಇದು?

ಮಿಲ್ಟನ್‌ಕೀನ್ಸ್_ಮೈಸೂರು:
ಒಳ್ಳೇದಾಯ್ತು ಈಗ್ಲೇ ನೋಡಿದ್ದು. ರೂಫ್ ಅರ್ಧ ತೆಗೆದು ನಿಲ್ಸಿ, ಹಿಂದೆ ಎರಡೂ ಪಕ್ಕದಲ್ಲಿ ರೂಫ್ ಮಡಚ್ಕೊಳ್ಳೋ ಮೂಲೇಲಿ ನೀರು ಹೋಗೋ ತೂತು ಇದೆ, ಎಲೆ ಕಸ ತುಂಬ್ಕೊಂಡ್ರೆ ನೀರು ಒಳಗೆ ಇಳಿದು ಸೀಟ್ ಕೆಳಗೆ ಸೇರತ್ತೆ. ಮೆತ್ತಗಿರೋ ನೈಲಾನ್ ದಾರ ಏನಾದ್ರೂ ಬಿಟ್ಟು ನಿಧಾನಕ್ಕೆ ಕಸ ತೆಗೀರಿ, ಜೋರಾಗಿ ಗಾಳಿ ಹೊಡೀಬೇಡಿ, ಕೆಳಗಿನ ಪೈಪ್ ಕಳಚ್ಕೊಂಡ್ರೆ ಇನ್ನೂ ಕಷ್ಟ. ಆಮೇಲೆ ಒಂದು ಮಗ್ ನೀರು ಹಾಕಿ, ಗಾಡಿ ಕೆಳಗೆ ಸುರೀಬೇಕು. ಇದನ್ನ ಮುಂದಕ್ಕೆ ಹಾಕ್ಬೇಡಿ, 986ನಲ್ಲಿ ಇಮ್ಮೊಬಿಲೈಸರ್ ಯೂನಿಟ್ (ಸರಿಯಾದ ಕೀ ಇಲ್ದೇ ಗಾಡಿ ಸ್ಟಾರ್ಟ್ ಆಗದ ಹಾಗೆ ತಡೆಯೋದು) ಕೂಡ ಸೀಟ್ ಕೆಳಗೇನೇ ಇರೋದು, ಅದು ನೆನೆದು ಸತ್ರೆ ಗಾಡಿ ಸ್ಟಾರ್ಟೇ ಆಗಲ್ಲ, ಖರ್ಚು ಏರ್‌ಬ್ಯಾಗ್ ಲೈಟಿಗಿಂತ ಎಷ್ಟೋ ಜಾಸ್ತಿ. ಕಾರ್ಪೆಟ್ ಕೆಳಗಿನ ಫೋಮ್ ನೀರು ಹಿಡ್ಕೊಂಡಿರತ್ತೆ, ಎತ್ತಿ ಒಣಗ್ಸಿ.

ಆಟೋ_ಎಲೆಕ್ಟ್ರಿಕ್ಸ್:
ಪಿನ್ನಿಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೆತ್ತಗಿನ ಬ್ರಷ್ಷಲ್ಲಿ ಉಜ್ಜಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ. ಬಕಲ್ ಬಾಯಿ ಕೆಳಗೆ ಮಾಡಿ ಅದೇ ಕ್ಲೀನರ್ ಹೊಡೀರಿ, ಬೆಲ್ಟಿನ ನಾಲಿಗೆ ಹತ್ತಾರು ಸಲ ಹಾಕಿ ತೆಗೆದು ಮಾಡಿ, ಕೊಳೆ ಇಳ್ಕೊಂಡು ಬರತ್ತೆ. ಡಬ್ಲ್ಯುಡಿ-40 ಬೇಡ, ಅದರ ಜಿಡ್ಡಿಗೆ ಮತ್ತೆ ಧೂಳು ಅಂಟ್ಕೊಳತ್ತೆ. ಎಲ್ಲಾ ಜೋಡ್ಸಿ, ಸೀಟ್ ಬೋಲ್ಟ್ ಟಾರ್ಕ್ (ಎಷ್ಟು ಬಿಗಿ ಇರ್ಬೇಕು ಅನ್ನೋ ಅಳತೆ) ನೋಡ್ಕೊಂಡು ಟೈಟ್ ಮಾಡಿ, ಕೊನೇಲಿ ಬ್ಯಾಟರಿ ಹಾಕಿ, ಆಮೇಲೆ ಆ ಸ್ಪೆಷಲಿಸ್ಟ್ ಹತ್ರ ಕ್ಲಿಯರ್ ಮಾಡ್ಸಿ.

ರೆಡಿಂಗ್_ರೋಡ್‌ಸ್ಟರ್:
ಮಾಡಿದೆ, ಕ್ಲಿಯರ್ ಆಯ್ತು, ಲೈಟ್ ಹೋಗಿದೆ. ಎಡಗಡೆ ಡ್ರೈನ್ ಪೂರ್ತಿ ಕಟ್ಕೊಂಡಿತ್ತು, ಕೊಳೆತ ಎಲೆ ಕರೀ ಕೆಸರಾಗಿ ಕೂತಿತ್ತು. ಇದೇ ಬಕಲ್ ಫಾಲ್ಟ್ ಮತ್ತೆ ಬಂದ್ರೆ ಸ್ಕ್ರ್ಯಾಪ್ ಗಾಡಿದು ಹಾಕ್ಬಹುದಾ?

ಆಟೋ_ಎಲೆಕ್ಟ್ರಿಕ್ಸ್:
ಬೇಡ. ಸ್ಕ್ರ್ಯಾಪಿಗೆ ಬಂದ ಗಾಡಿ ಗುದ್ದಿಸ್ಕೊಂಡು ಬಂದಿದ್ಯೋ ಇಲ್ವೋ ಗೊತ್ತಾಗಲ್ಲ, ಒಂದು ಸಲ ಪೆಟ್ಟಿನ ಭಾರ ತಗೊಂಡಿರೋ ಬಕಲ್ ಮೇಲೆ ನಂಬಿಕೆ ಇಡಕ್ಕಾಗಲ್ಲ, ಮೇಲಾಗಿ ಅದರ ಸ್ವಿಚ್ಚಿಗೂ ಅಷ್ಟೇ ವಯಸ್ಸಾಗಿರತ್ತೆ. ಮತ್ತೆ ಬಂದ್ರೆ ಚಾಸಿಸ್ ನಂಬರ್ ಕೊಟ್ಟು ಹೊಸದೇ ತರ್ಸಿ.