ಅಪ್‌ಡೇಟ್: ಬರ್ಕಮ್‌ಸ್ಟೆಡ್ ಕಾಲುವೆ, ಆಶ್‌ರಿಜ್ ಕಾಡು ನೋಡಿ ಬಂದೆವು

ಊರಿಂದ ಬಂದಿರುವ ಅಪ್ಪನನ್ನು ಕರಕೊಂಡು, ಕಾರಿಲ್ಲದೆ ಲಂಡನ್ನಿನಿಂದ ಒಂದು ದಿನ ನಡೆಯಲು ಎಲ್ಲಿಗೆ ಹೋಗಬಹುದು ಅಂತ ಕೇಳಿದ್ದೆ. ಬರ್ಕಮ್‌ಸ್ಟೆಡ್ ಹೇಳಿದವರಿಗೆ ಥ್ಯಾಂಕ್ಸ್. ಯೂಸ್ಟನ್‌ನಿಂದ ನೇರ ರೈಲು, ಸ್ಟೇಷನ್ ಪಕ್ಕದಲ್ಲೇ ಗ್ರ್ಯಾಂಡ್ ಯೂನಿಯನ್ ಕಾಲುವೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ, ಹಾಗಾಗಿ ಹೆಚ್ಚುಕಮ್ಮಿ ಸಮತಟ್ಟು. ನೀರಾವರಿ ಇಲಾಖೆಯಲ್ಲಿದ್ದ ಅಪ್ಪ ಮಾತ್ರ ಪ್ರತಿ ಲಾಕ್ (ದೋಣಿ ಏರಿಸಿ ಇಳಿಸಲು ಎರಡೂ ಕಡೆ ಗೇಟಿರುವ ತೊಟ್ಟಿ) ಹತ್ತಿರವೂ ನಿಂತೇಬಿಟ್ಟರು! ಹಿಂದಿನ ಗೇಟು ಮುಚ್ಚಿ, ಮೇಲಿನ ನೀರು ಒಳಗೆ ಬಿಟ್ಟರೆ ದೋಣಿ ತಾನೇ ಮೇಲೇರುತ್ತೆ. "ಪಂಪೇ ಬೇಡ ನೋಡು" ಅಂತ ಖುಷಿಯೋ ಖುಷಿ. ಮಂಡ್ಯದ ವಿ.ಸಿ. ನಾಲೆ ಗದ್ದೆಗೆ, ಇದು ಸರಕು ಸಾಗಿಸಲಿಕ್ಕೆ.

ಟ್ರಿಂಗ್ ಸ್ಟೇಷನ್ ಹತ್ತಿರ ಕಾಲುವೆ ಬಿಟ್ಟು, ಆಲ್ಡ್‌ಬರಿ ಹಳ್ಳಿ ದಾಟಿ ಕಾಡು ಹತ್ತಿದೆವು. ಏರು ಕಡಿದಾಗಿದೆ, ಮಂಡಿನೋವಿನವರು ನಿಧಾನ. ಮೇಲೆ 1832ರ ಬ್ರಿಜ್‌ವಾಟರ್ ಸ್ಮಾರಕ, ಅದೂ ಕಾಲುವೆ ಕಟ್ಟಿಸಿ ಹೆಸರಾದ ಡ್ಯೂಕ್‌ನದ್ದೇ. ಏಪ್ರಿಲ್ ಕೊನೆಯಾದ್ದರಿಂದ ಬ್ಲೂಬೆಲ್ ಅನ್ನೋ ನೀಲಿ ಕಾಡುಹೂ ನೋಡಲು ಸಿಕ್ಕಿತು. ತುಳಿದರೆ ಆ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು, ಫೋಟೋಗಾಗಿ ದಾರಿ ಬಿಟ್ಟು ಇಳಿಯಬೇಡಿ. ಕಾಡಿನೊಳಗೆ ಕೆಸರಿತ್ತು, ಬೂಟು ಹಾಕ್ಕೊಂಡೇ ಹೋಗಿ. ವಾಪಸ್ ರೈಲು ಟ್ರಿಂಗ್‌ನಿಂದಲೇ ಸಿಗುತ್ತೆ.