ಪದಚರ್ಚೆ: ಬ್ಯಾಂಕು ಹಿಡಿದ ಚಾರ್ಜು ‘ಮರುಪಾವತಿ’ಯೋ ‘ವಾಪಸು ಜಮೆ’ಯೋ?

ಬಳಗದವರಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಗ್ರಾಹಕರಿಗಾಗಿ ಒಂದು ಪುಟದ ಅರ್ಜಿ ಮಾದರಿ ಸಿದ್ಧವಾಗುತ್ತಿದೆ. ನಿಯಮ ಮೀರಿ ಖಾತೆಯಿಂದ ಹಿಡಿದ ಚಾರ್ಜನ್ನು ಬಡ್ಡಿ ಸಮೇತ ಬ್ಯಾಂಕಿನಿಂದ ವಾಪಸು ಕೇಳುವ ಅರ್ಜಿ. ಪದಗಳು ಮೂರು ಕಡೆ ತೊಡಕಾಗಿವೆ. ತಲೆಬರಹಕ್ಕೆ ‘ಶುಲ್ಕ ಮರುಪಾವತಿ’ ಸಾಕೆ? ಮಲಯಾಳದ ‘ಪಿಳಪ್ಪಲಿಶ’ಕ್ಕೆ ದಂಡಬಡ್ಡಿ ಎನ್ನಬೇಕೋ ದಂಡಶುಲ್ಕ ಎನ್ನಬೇಕೋ? ‘ವ್ಯಾಲ್ಯೂ ಡೇಟ್’ ಎಂಬುದನ್ನು ‘ಮೌಲ್ಯ ದಿನಾಂಕ’ ಎಂದು ಬರೆದದ್ದಾಯಿತು, ಓದಿದವರಿಗೆ ತಲೆಬುಡ ತಿಳಿಯುತ್ತಿಲ್ಲ. ಮಾಷ್ಟ್ರು ದಯವಿಟ್ಟು ನೋಡಿ ಹೇಳಬೇಕು.

ಉತ್ತರ:

‘ಮರುಪಾವತಿ’ ಬೇಡ. ಬ್ಯಾಂಕಿನ ಮಾತಿನಲ್ಲಿ ಅದು ಗ್ರಾಹಕ ಸಾಲ ತೀರಿಸುವುದು. ಮಲಯಾಳದ ‘ತಿರಿಚ್ಚಡವು’ ಕೂಡ ಅದೇ. ತಲೆಬರಹ ಮಾತ್ರ ಓದುವ ಗುಮಾಸ್ತರು ಕಾಗದವನ್ನು ಸಾಲದ ಮೇಜಿಗೆ ದಾಟಿಸಿಬಿಟ್ಟರೆ ಅವರ ತಪ್ಪೇನಿಲ್ಲ. ಇಲ್ಲಿ ಕೇಳುತ್ತಿರುವುದು ಖರ್ಚು ಬರೆದದ್ದನ್ನು ತಿರುಗಿಸಿ ಜಮೆ ಮಾಡುವುದನ್ನು, ಬ್ಯಾಂಕಿನವರ ‘ರಿವರ್ಸಲ್’. ‘ವಾಪಸು ಜಮೆ’ ಎಂದರೆ ಸಂತೆಯಲ್ಲಿ ನಿಂತವರಿಗೂ ತಿಳಿಯುತ್ತದೆ. ಚಾರ್ಜಿನ ಮೇಲೆ ಶೇ. 18 ಜಿಎಸ್‌ಟಿಯೂ ಹೋಗಿರುತ್ತದೆ. 500 ರೂಪಾಯಿ ಚಾರ್ಜು ಎಂದರೆ ಖಾತೆಯಿಂದ ಹೋದದ್ದು 590. ಬರೀ 500 ಕೇಳಿದರೆ 90 ಬ್ಯಾಂಕಿನಲ್ಲೇ ಉಳಿಯುತ್ತದೆ. ಆದ್ದರಿಂದ ‘ತೆರಿಗೆ ಸೇರಿ’ ಎಂಬ ಎರಡು ಪದ ಬಿಡಬೇಡಿ.

‘ಮನ್ನಾ’ ಎಂಬ ಪದವನ್ನಂತೂ ಮಾದರಿಯ ಹತ್ತಿರಕ್ಕೂ ಬಿಡಬಾರದು. ಕೊಡಬೇಕಾದದ್ದನ್ನು ದಯೆಯಿಂದ ಬಿಟ್ಟುಕೊಡುವುದು ಮನ್ನಾ. ಹಾಗೆ ಬರೆದರೆ ಚಾರ್ಜು ಸರಿಯಾಗಿತ್ತು ಎಂದು ನಾವೇ ರುಜು ಹಾಕಿದಂತೆ. ‘ಅನ್ಯಾಯದ ಶುಲ್ಕ’ವೂ ಅಷ್ಟು ಗಟ್ಟಿಯಲ್ಲ, ಅದು ನಮ್ಮ ಅಭಿಪ್ರಾಯವಾಯಿತು. ಯಾವ ನಿಯಮ ತಪ್ಪಿದೆ ಎಂದು ತೋರಿಸಿ ‘ನಿಯಮಬಾಹಿರ’ ಎನ್ನಿ. ಉದಾಹರಣೆಗೆ, ಉಳಿತಾಯ ಖಾತೆಯ ಕನಿಷ್ಠ ಮೊತ್ತದ ಬಗ್ಗೆ ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆ (ಜಾರಿ 2015ರ ಏಪ್ರಿಲ್ 1): ಮೊತ್ತ ಇಳಿದಿದೆ ಎಂದು ಮೊದಲು ತಿಳಿಸಬೇಕು, ತುಂಬಲು ಒಂದು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕು, ಚಾರ್ಜು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು, ಚಾರ್ಜಿನಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ನಾಲ್ಕರಲ್ಲಿ ಯಾವುದು ತಪ್ಪಿತೋ ಅದನ್ನೇ ಹೆಸರಿಸಿ.

ದಂಡಬಡ್ಡಿ, ದಂಡಶುಲ್ಕ ಇವೆರಡರ ವ್ಯತ್ಯಾಸ ಈಗ ಬರೀ ಭಾಷೆಯದ್ದಲ್ಲ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಸಾಲದ ಕಂತು ತಪ್ಪಿದಾಗ ಬಡ್ಡಿದರಕ್ಕೇ ದಂಡ ಸೇರಿಸುವುದನ್ನು ನಿಲ್ಲಿಸಿತು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ. ದಂಡಶುಲ್ಕ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಆದ್ದರಿಂದ ಮಾದರಿಯಲ್ಲಿ ಎರಡೂ ಪದ ಇರಲಿ, ಬೇರೆಬೇರೆ ಅರ್ಥದಲ್ಲಿ: ‘ದಂಡಶುಲ್ಕವನ್ನು ದಂಡಬಡ್ಡಿಯಾಗಿ ಎಣಿಸಿದ್ದೀರಿ’ ಎಂಬುದೇ ದೂರಿನ ತಿರುಳಾಗಬಹುದು. ಜನರ ಬಾಯಲ್ಲಿ ‘ಪಿಳಪ್ಪಲಿಶ’ ಎರಡಕ್ಕೂ ಸಲ್ಲುತ್ತದೆ, ಗೊಂದಲ ಹುಟ್ಟುವುದು ಅಲ್ಲಿಯೇ.

‘ಮೌಲ್ಯ ದಿನಾಂಕ’ ನಿಘಂಟಿನಿಂದ ಎದ್ದು ಬಂದ ಪದ. ಅರ್ಥ ಇಷ್ಟೆ: ಹಣ ಇಂದು ಜಮೆಯಾದರೂ ಬಡ್ಡಿಯ ಲೆಕ್ಕಕ್ಕೆ ಅದು ಹೋದ ದಿನವೇ ಬಂತೆಂದು ಹಿಡಿಯುವುದು. ‘ಹಿಡಿದ ತಾರೀಕಿನಿಂದಲೇ ಬಡ್ಡಿ ಎಣಿಕೆಯಾಗುವಂತೆ’ ಎಂದು ಬಿಡಿಸಿ ಬರೆಯಿರಿ. ಉಳಿತಾಯ ಖಾತೆಯ ಬಡ್ಡಿಯನ್ನು 2010ರ ಏಪ್ರಿಲ್ 1ರಿಂದ ದಿನದಿನದ ಉಳಿಕೆಯ ಮೇಲೆ ಎಣಿಸುತ್ತಾರೆ, ಆದ್ದರಿಂದ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

‘ಬಡ್ಡಿ ಸಮೇತ’ ಎಂದಷ್ಟೇ ಬರೆದರೆ ಬ್ಯಾಂಕು ದರವನ್ನು ತನಗೆ ಬೇಕಾದಂತೆ ಆರಿಸಿಕೊಳ್ಳುತ್ತದೆ. ಲೆಕ್ಕ ಹೀಗೆ: ಮೊತ್ತ × ದರ × ದಿನ ÷ 36500. 590 ರೂಪಾಯಿ 730 ದಿನ ಹೊರಗಿದ್ದರೆ ಶೇ. 3ರ ಉಳಿತಾಯ ದರದಲ್ಲಿ 35.40. ಅದೇ ಚಾರ್ಜು ಶೇ. 12ರ ಓವರ್‌ಡ್ರಾಫ್ಟ್ ಖಾತೆಗೆ (ಇದ್ದದ್ದಕ್ಕಿಂತ ಹೆಚ್ಚು ತೆಗೆಯಬಹುದಾದ ಸಾಲದ ಖಾತೆ) ಬಿದ್ದಿದ್ದರೆ ಸರಳಬಡ್ಡಿಯಲ್ಲೇ 141.60, ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ ಸುಮಾರು 159. ಬ್ಯಾಂಕು ನಮ್ಮಿಂದ ಯಾವ ರೀತಿ ಎಣಿಸಿತೋ ಅದೇ ರೀತಿ ಕೇಳುವುದು ನ್ಯಾಯ. ಪ್ರತಿ ಚಾರ್ಜಿನ ತಾರೀಕು ಬೇರೆಯಾದ್ದರಿಂದ ಸಾಲುಸಾಲಾಗಿ ಎಣಿಸಬೇಕು. ಒಟ್ಟು ಮೊತ್ತಕ್ಕೆ ಮೊದಲ ತಾರೀಕಿನಿಂದ ಬಡ್ಡಿ ಹಾಕುವುದೇ ಸಾಮಾನ್ಯ ತಪ್ಪು, ಅದೊಂದು ಸಾಕು ಇಡೀ ಅರ್ಜಿ ತಿರುಗಿ ಬರಲು.

ಕೇಳದೆ ಹೇಳುವ ಒಂದು ಮಾತು. ದೂರು ವಿಚಾರಿಸುವ ಅಧಿಕಾರಿಯನ್ನು ಬರೀ ‘ಒಂಬುಡ್ಸ್‌ಮನ್’ ಎಂದು ಬರೆಯಬೇಡಿ, ಕೇರಳದಲ್ಲಿ ಪಂಚಾಯತು ದೂರಿಗೂ ಆ ಹೆಸರಿನವರಿದ್ದಾರೆ. ‘ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್’ ಎನ್ನಿ. ಆ ಒಂಬುಡ್ಸ್‌ಮನ್ ಯೋಜನೆಯ ಪ್ರಕಾರ ಮೊದಲು ಬ್ಯಾಂಕಿಗೇ ಬರೆದು ರಸೀದಿ ಇಟ್ಟುಕೊಳ್ಳಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ಮೆಟ್ಟಿಲು. ಶಾಖೆಗೆ ಮಲಯಾಳ ಅಥವಾ ಇಂಗ್ಲಿಷ್ ಪ್ರತಿ ಜೊತೆಗಿದ್ದರೆ ಕೆಲಸ ಬೇಗ. ರಿಸರ್ವ್ ಬ್ಯಾಂಕಿನ ಚಂಡೀಗಢದ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕನ್ನಡದಲ್ಲೇ ಕಳಿಸಬಹುದು, ಅಲ್ಲಿ ಯಾವ ಭಾಷೆಯೂ ಆದೀತು. ಆದರೆ ನಮ್ಮೂರ ಸರ್ವಿಸ್ ಸಹಕಾರಿ ಬ್ಯಾಂಕುಗಳು ಹೆಸರಿಗೆ ಬ್ಯಾಂಕಾದರೂ ಪ್ರಾಥಮಿಕ ಕೃಷಿ ಸಹಕಾರ ಸಂಘಗಳು, ಈ ಯೋಜನೆಯ ಹೊರಗೆ. ಅವುಗಳ ದೂರು ಸಹಕಾರ ಇಲಾಖೆಯ ರಿಜಿಸ್ಟ್ರಾರರ ಕಚೇರಿಗೆ.

ಮರು ಪ್ರಶ್ನೆ:

ಉಪಕಾರವಾಯಿತು ಮಾಷ್ಟ್ರೇ. ತಲೆಬರಹ ಹೀಗೆ ತಿದ್ದಿದೆ: ‘ನಿಯಮಬಾಹಿರವಾಗಿ ಹಿಡಿದ ಚಾರ್ಜನ್ನು ತೆರಿಗೆ ಸೇರಿ, ಹಿಡಿದ ತಾರೀಕಿನಿಂದ ಬಡ್ಡಿ ಸಮೇತ ವಾಪಸು ಜಮೆ ಮಾಡುವ ಬಗ್ಗೆ’. ಒಂದು ಸಂಶಯ ಉಳಿಯಿತು. ಘಟ್ಟದ ಮೇಲಿನವರು ‘ದುಡ್ಡು ಕಟ್ ಆಯಿತು’ ಎನ್ನುತ್ತಾರೆ. ‘ಹಿಡಿದ’ ಅವರಿಗೆ ಹೊಂದೀತೆ? ಮಲಯಾಳದ ‘ಈಡಾಕ್ಕಿ’ (ವಸೂಲು ಮಾಡಿದರು) ಎಂಬುದನ್ನು ಹಾಗೇ ತಂದು ‘ಈಡು ಮಾಡಿದ’ ಎಂದು ಬರೆದ ಕರಡೂ ಒಂದಿತ್ತು.

ಉತ್ತರ:

‘ಈಡು’ ಎಂದರೆ ನಮಗೆ ಅಡವು, ಅದನ್ನು ಹೊಡೆದುಹಾಕಿ. ‘ಕಟ್ ಆಯಿತು’ ಎಂಬಲ್ಲಿ ಮಾಡಿದವರು ಯಾರೆಂದೇ ಇಲ್ಲ, ಮಳೆ ಬಂದಂತೆ ತಾನಾಗಿ ಆದ ಹಾಗೆ. ‘ಹಿಡಿದ’ ಇರಲಿ, ಬೇಕಿದ್ದರೆ ‘ಮುರಿದುಕೊಂಡ’ ಎನ್ನಿ.